ಚರಿತ್ರೆಯ ಬಾಗಿಲಲ್ಲಿ ನಮ್ಮ ಮಕ್ಕಳನ್ನು ತಡೆಯುವವರು ಯಾರು?



ಕಳೆದ ಡಿಸೆಂಬರ್ ತಿಂಗಳಿನಲ್ಲಿ ನಾನು ಪಾಠ ಹೇಳುವ ಶಾಲೆಯ ಒಂಬತ್ತನೆಯ ತರಗತಿಯ ಮಕ್ಕಳನ್ನು ವಿಜಯಪುರಕ್ಕೆ ಒಂದು ದಿನದ ಶೈಕ್ಷಣಿಕ ಪ್ರವಾಸಕ್ಕೆ ಕರೆದೊಯ್ಯುವುದೆಂದು ನಿರ್ಧಾರವಾಯಿತು. ಗೋಳಗುಮ್ಮಟದ ಮುಂದಿರುವ ನಗಾರಖಾನೆಯಲ್ಲಿ 1892ರಿಂದ ಒಂದು ವಸ್ತುಸಂಗ್ರಹಾಲಯವಿದೆ. ಅದನ್ನು ನಿಧಾನವಾಗಿ, ಪಾಠದ ದೃಷ್ಟಿಯಿಂದ ತೋರಿಸಬೇಕೆಂಬುದು ನಮ್ಮ ಉದ್ದೇಶವಾಗಿತ್ತು. 43 ಮಕ್ಕಳ ಕೈಯಲ್ಲಿ ಪೋಷಕರ ಒಪ್ಪಿಗೆ ಚೀಟಿಗಳನ್ನು ಕೊಟ್ಟು ಕಳುಹಿಸಿದೆವು. 32 ಚೀಟಿಗಳು ಸಹಿಯೊಂದಿಗೆ ಮರಳಿದವು. 11 ಚೀಟಿಗಳು ಖಾಲಿಯಾಗಿ ಬಂದವು. ಆ ಹನ್ನೊಂದರಲ್ಲಿ ಏಳು ಹೆಣ್ಣುಮಕ್ಕಳವು.

ನಾನು ಆ ಹನ್ನೊಂದು ಮನೆಗಳಿಗೂ ಹೋದೆ. ಕೆಲವರು ಚಹಾ ಕೊಟ್ಟು ಗೌರವದಿಂದ ನಿರಾಕರಿಸಿದರು. ಕೆಲವರು ಬಾಗಿಲಲ್ಲೇ ಮಾತು ಮುಗಿಸಿದರು. ಅವರು ಹೇಳಿದ ಕಾರಣಗಳು ಅವರವು ಮಾತ್ರವಲ್ಲ. ನಮ್ಮ ಸಮುದಾಯದ ಅನೇಕ ಮನೆಗಳಲ್ಲಿ, ಮಸೀದಿಯ ಅಂಗಳಗಳಲ್ಲಿ, ಮದ್ರಸಾದ ಜಗಲಿಗಳಲ್ಲಿ ಕೇಳಿಬರುವ ಮಾತುಗಳೇ ಅವು. ಆದ್ದರಿಂದ ಅವುಗಳಿಗೆ ಬಹಿರಂಗವಾಗಿ ಉತ್ತರಿಸುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ. ಯಾರನ್ನೂ ನೋಯಿಸುವ ಇಚ್ಛೆ ನನಗಿಲ್ಲ. ಆದರೆ ಇದು ನಯವಾಗಿ ತೇಲಿಸಿ ಬಿಡಬಹುದಾದ ವಿಷಯವೂ ಅಲ್ಲ.

ವಿಗ್ರಹಗಳಿರುವ ಕಟ್ಟಡ

ಮೊದಲನೆಯ ಆಕ್ಷೇಪ ಒಬ್ಬ ಧರ್ಮಭೀರು ತಂದೆಯದು. “ಉಸ್ತಾದರೇ, ಅಲ್ಲಿ ವಿಗ್ರಹಗಳನ್ನು ಸಾಲಾಗಿ ಇಟ್ಟಿದ್ದಾರಂತೆ. ನನ್ನ ಮಗ ಅದನ್ನೇಕೆ ನೋಡಬೇಕು? ಅವನ ಈಮಾನಿಗೆ ನೀವು ಜವಾಬ್ದಾರರೇ?” ಎಂದು ಅವರು ಕೇಳಿದರು.

ನಿಜ, ಆ ಸಂಗ್ರಹಾಲಯದಲ್ಲಿ ವೈದಿಕ ಹಾಗೂ ಜೈನ ಶಿಲ್ಪಗಳಿವೆ. ಕನ್ನಡ, ಸಂಸ್ಕೃತ, ಅರಬಿ, ಫಾರಸಿ ಶಾಸನಗಳಿವೆ. ಹಸ್ತಪ್ರತಿಗಳು, ಫರ್ಮಾನುಗಳು, ನಾಣ್ಯಗಳು, ಬಿದರಿ ಪಾತ್ರೆಗಳು, ಚೀನೀ ಪಿಂಗಾಣಿ, ರತ್ನಗಂಬಳಿಗಳಿವೆ. ಇವುಗಳ ನಡುವೆ ಮಗು ನೋಡುವುದಕ್ಕೆ ಹೋಗುತ್ತದೆಯೇ ಹೊರತು ಆರಾಧಿಸುವುದಕ್ಕೆ ಹೋಗುವುದಿಲ್ಲ. ನೋಟಕ್ಕೂ ಆರಾಧನೆಗೂ ಇರುವ ವ್ಯತ್ಯಾಸವನ್ನು ಹದಿನಾಲ್ಕು ವರ್ಷದ ಮಗುವಿಗೆ ನಾವು ಇನ್ನೂ ಕಲಿಸಿಲ್ಲವೆಂದಾದರೆ ದೋಷ ಸಂಗ್ರಹಾಲಯದ್ದಲ್ಲ. ನಮ್ಮ ಮದ್ರಸಾದ್ದು, ನಮ್ಮ ಮನೆಯದು. ಇಬ್ರಾಹೀಮ್ ಅಲೈಹಿಸ್ಸಲಾಮರ ತಂದೆ ವಿಗ್ರಹಾರಾಧಕರಾಗಿದ್ದರು. ಆ ವಿಗ್ರಹಗಳ ನಡುವೆಯೇ ಬೆಳೆದು, ನೋಡಿ, ಯೋಚಿಸಿ, ಪ್ರಶ್ನಿಸಿ ಅವರು ತೌಹೀದನ್ನು ಎತ್ತಿ ಹಿಡಿದರು. ಕಣ್ಣು ಮುಚ್ಚಿಕೊಂಡು ಅವರು ಆ ಸ್ಥಾನಕ್ಕೆ ಏರಲಿಲ್ಲ. ಕಲ್ಲನ್ನು ಕಂಡ ಮಾತ್ರಕ್ಕೆ ಕುಸಿಯುವ ವಿಶ್ವಾಸವನ್ನು ಮಗುವಿನ ಎದೆಯಲ್ಲಿ ಇಟ್ಟವರು ನಾವೇ ಆದರೆ, ಅದನ್ನು ಬಲಪಡಿಸುವ ಕೆಲಸ ಮನೆಯಿಂದಲೇ ಆರಂಭವಾಗಲಿ.

ಸಹಾಬಿಗಳು ಏಳನೆಯ ಶತಮಾನದಲ್ಲಿ ಈಜಿಪ್ಟನ್ನು ಪ್ರವೇಶಿಸಿದಾಗ ಫಿರೌನರ ಕಾಲದ ಬೃಹತ್ ಪ್ರತಿಮೆಗಳು, ಗೋಡೆಚಿತ್ರಗಳು, ಪಿರಮಿಡ್ಡುಗಳು ಅಲ್ಲಿದ್ದವು. ಇಂದೂ ಇವೆ. ಅವುಗಳ ನಡುವೆ ಬದುಕಿದ ಆ ಮಹನೀಯರ ಈಮಾನಿಗೆ ಕುಂದು ಬಂದಿತೇ? ಪವಿತ್ರ ಕುರ್‌ಆನ್ ಸೂರಾ ಅನ್‌ಆಮ್, ಅಂಕಬೂತ್, ರೂಮ್ ಮುಂತಾದ ಅಧ್ಯಾಯಗಳಲ್ಲಿ ಭೂಮಿಯಲ್ಲಿ ಸಂಚರಿಸುವಂತೆ, ಹಿಂದಿನವರ ಗತಿ ಏನಾಯಿತೆಂದು ಕಣ್ಣಾರೆ ನೋಡುವಂತೆ ಮತ್ತೆ ಮತ್ತೆ ಆದೇಶಿಸುತ್ತದೆ. ಫಿರೌನನ ಶರೀರವನ್ನು ಮುಂದಿನವರಿಗೆ ಒಂದು ದೃಷ್ಟಾಂತವಾಗಿ ಉಳಿಸಲಾಯಿತೆಂದು ಸೂರಾ ಯೂನುಸ್ ತಿಳಿಸುತ್ತದೆ. ದೃಷ್ಟಾಂತವಿರುವುದು ನೋಡುವುದಕ್ಕಾಗಿಯಲ್ಲವೇ? ನೋಡಬಾರದೆಂದಿದ್ದರೆ ಉಳಿಸಿದ್ದೇಕೆ?

ಇಲ್ಲಿ ಇನ್ನೊಬ್ಬ ಹಿರಿಯರು ಒಂದು ಹದೀಸನ್ನು ನೆನಪಿಸಿದರು. ತಬೂಕಿನ ದಾರಿಯಲ್ಲಿ ಸಮೂದ್ ಜನಾಂಗದ ನಿವಾಸಗಳ ಮೂಲಕ ಹಾದುಹೋಗುವಾಗ ಪ್ರವಾದಿ(ಸ)ಯವರು ತಲೆಯನ್ನು ಮುಚ್ಚಿಕೊಂಡು, ವೇಗವಾಗಿ ಸಾಗಿದರು ಎಂಬುದು ಆ ಹದೀಸ್. ಅದು ಅಧಿಕೃತ, ಬುಖಾರಿಯಲ್ಲಿದೆ. ಆದರೆ ಅದನ್ನು ಪೂರ್ತಿಯಾಗಿ ಓದಬೇಕು. ದೈವಿಕ ಶಿಕ್ಷೆಗೆ ತುತ್ತಾದ ಒಂದು ಜನಾಂಗದ ನೆಲೆಯ ಕುರಿತು ಅಲ್ಲಿ ಹೇಳಲಾಗಿದೆ. ಅಳುತ್ತಾ ಹೊರತು ಅಲ್ಲಿ ಪ್ರವೇಶಿಸಬೇಡಿ ಎಂಬುದು ಅದರ ತಾತ್ಪರ್ಯ. ಅಂದರೆ ಅಂಥ ಸ್ಥಳದಲ್ಲಿಯೂ ಪಾಠ ಕಲಿಯುವ ಮನಸ್ಸಿನಿಂದ ನೋಡುವುದಕ್ಕೆ ಅವಕಾಶವಿದೆ, ಮೋಜಿಗಿಲ್ಲ. ನಮ್ಮ ಮಕ್ಕಳು ಗುಮ್ಮಟದ ಮುಂದೆ ಸೆಲ್ಫಿ ತೆಗೆದುಕೊಂಡು, ಪಿಸುಮಾತಿನ ಮೊಗಸಾಲೆಯಲ್ಲಿ ಕಿರುಚಿ, ಹಿಂತಿರುಗುವುದನ್ನು ಈ ಹದೀಸಿನ ಆಧಾರದಲ್ಲಿ ಯಾರಾದರೂ ಖಂಡಿಸಿದರೆ ನಾನೂ ಅವರ ಪಕ್ಷದಲ್ಲಿದ್ದೇನೆ. ಆದರೆ ಅಜ್ಞಾನಕ್ಕೆ ಈ ಹದೀಸ್ ಪರವಾನಗಿಯಲ್ಲ.

ಎರಡನೆಯ ಆಕ್ಷೇಪ ಖರ್ಚಿನದು. ಅದರ ಕುರಿತು ಹೆಚ್ಚು ಹೇಳಬೇಕಾಗಿಲ್ಲ. ನಿಜವಾಗಿಯೂ ಬಡವರಾದ ಎರಡು ಮನೆಗಳಿದ್ದವು, ಆ ಹಣವನ್ನು ಶಿಕ್ಷಕರು ಸೇರಿ ಭರಿಸಿದೆವು. ಉಳಿದವರಲ್ಲಿ ಒಬ್ಬರು ಅದರ ಹಿಂದಿನ ತಿಂಗಳು ಮಗಳ ನಿಕಾಹಿಗೆ ಎರಡು ಸಾವಿರ ಜನರಿಗೆ ಬಿರಿಯಾನಿ ಬಡಿಸಿದ್ದರು. ಅಲ್ಲಿ ನಾನೂ ಉಂಡಿದ್ದೇನೆ. ಒಂದು ರಾತ್ರಿಯ ದೀಪಾಲಂಕಾರಕ್ಕೆ ಸುರಿಯುವ ಹಣದಲ್ಲಿ ಒಂದು ಇಡೀ ತರಗತಿ ನಾಡಿನ ಚರಿತ್ರೆಯನ್ನು ನೋಡಿ ಬರಬಹುದು ಎಂಬ ಲೆಕ್ಕ ನಮಗೆ ಬಾರದೇ?

“ನಾವು ಆಳಿದ ದಿನಗಳು”

ಸಹಿ ಹಾಕದವರ ಬಗ್ಗೆ ಇಷ್ಟು. ಆದರೆ ಸಹಿ ಹಾಕಿದ ಕೆಲವರ ಮಾತು ನನ್ನನ್ನು ಇನ್ನೂ ಹೆಚ್ಚು ಚಿಂತೆಗೀಡುಮಾಡಿತು. “ಕರೆದುಕೊಂಡು ಹೋಗಿ ಸರ್. ನಾವು ಹೇಗೆ ಆಳಿದ್ದೆವು ಎಂದು ಮಕ್ಕಳು ನೋಡಲಿ. ಈಗಿನ ಅವಸ್ಥೆಯಲ್ಲಿ ಅವರಿಗೆ ಸ್ವಲ್ಪ ಧೈರ್ಯ ಬೇಕು” ಎಂದು ಒಬ್ಬ ತಂದೆ ಚೀಟಿಗೆ ಸಹಿ ಹಾಕುತ್ತಾ ಹೇಳಿದರು. ಅವರ ನೋವು ನನಗೆ ಅರ್ಥವಾಗುತ್ತದೆ. ಆದರೆ “ನಾವು” ಎಂದರೆ ಯಾರು?

ನನ್ನ ಅಜ್ಜ ನೇಕಾರ. ಅವರ ಅಜ್ಜನೂ ನೇಕಾರ. ಈ ಬರಹವನ್ನು ಓದುತ್ತಿರುವ ಹೆಚ್ಚಿನವರ ಹಿರಿಯರು ಪಿಂಜಾರರು, ಕಟುಕರು, ಬೀಡಿ ಕಟ್ಟುವವರು, ದೋಣಿ ನಡೆಸುವವರು, ಗೇಣಿ ಒಕ್ಕಲುಗಳು. ಆ ಸುಲ್ತಾನರ ದರ್ಬಾರಿನಲ್ಲಿ ನಮ್ಮ ಹಿರಿಯರಿಗೆ ಆಸನವಿರಲಿಲ್ಲ. ಅವರ ಬೆವರಿನಿಂದ ಬಂದ ಕಂದಾಯಕ್ಕೆ ಮಾತ್ರ ಬೊಕ್ಕಸದಲ್ಲಿ ಸ್ಥಳವಿತ್ತು. ಹೆಸರಿನ ಸಾಮ್ಯದಿಂದ ಯಾರೂ ಅರಸರಾಗುವುದಿಲ್ಲ.

ಆ ಅರಸರು ಯಾರ ಪರವಾಗಿ ಯುದ್ಧ ಮಾಡಿದರು? ವಿಜಯಪುರದ ಕೋಟೆಯ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನು ನೋಡಿರಿ. ಸುಮಾರು 55 ಟನ್ ತೂಕದ ಆ ತೋಪನ್ನು 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದವನು ಮುಹಮ್ಮದ್ ಬಿನ್ ಹಸನ್ ರೂಮಿ ಎಂಬ ತುರ್ಕಿ. ಅಂದು ಅದರ ಒಡೆಯರು ನಿಜಾಮ್ ಶಾಹಿ ಸುಲ್ತಾನರು. 1632ರಲ್ಲಿ ಅದು ಆದಿಲ್ ಶಾಹಿಗಳ ಕೈ ಸೇರಿ ವಿಜಯಪುರಕ್ಕೆ ಬಂತು. 1686ರ ಸೆಪ್ಟೆಂಬರಿನಲ್ಲಿ ಔರಂಗಜೇಬ್ ಈ ನಗರವನ್ನು ಗೆದ್ದು ಅದೇ ತೋಪಿನ ಮೇಲೆ ತನ್ನ ವಿಜಯದ ಬರಹವನ್ನು ಕೊರೆಯಿಸಿದ. ಮುಸ್ಲಿಮನು ಎರಕ ಹೊಯ್ದದ್ದು, ಮುಸ್ಲಿಮರು ಕಿತ್ತುಕೊಂಡದ್ದು, ಕೊನೆಗೆ ಮುಸ್ಲಿಮನೇ ಅದರ ಮೇಲೆ ಹೆಸರು ಬರೆದದ್ದು. ಆಮೇಲೆ ಬ್ರಿಟಿಷರ ಕಾಲದಲ್ಲಿ, 1854ರಲ್ಲಿ, ಅದನ್ನು ಹರಾಜಿಗೆ ಇಟ್ಟಾಗ ಬಂದ ಸವಾಲು 150 ರೂಪಾಯಿ ಮಾತ್ರ. ಇದರಲ್ಲಿ ದೀನಿನ ವಿಜಯ ಎಲ್ಲಿದೆ? ರಾಜ್ಯದಾಹವಿದೆ, ಅದರ ಅಂತ್ಯವೂ ಇದೆ.

ಇದೇ ರೀತಿ ಅಲಿ ಆದಿಲ್ ಶಾಹನು 1565ರ ತಾಳಿಕೋಟೆಯ ಯುದ್ಧದಲ್ಲಿ ರಾಮರಾಯನ ವಿರುದ್ಧ ನಿಂತನೆಂದು ಎಲ್ಲರೂ ಬಲ್ಲರು. ಅದಕ್ಕೆ ಕೆಲವೇ ವರ್ಷಗಳ ಮೊದಲು ಅದೇ ರಾಮರಾಯನೊಂದಿಗೆ ಸೇರಿ ಅಹ್ಮದ್‌ನಗರದ ಸುಲ್ತಾನನ ಮೇಲೆ ದಂಡೆತ್ತಿ ಹೋಗಿದ್ದನೆಂದು ಎಷ್ಟು ಜನರಿಗೆ ಗೊತ್ತು? ಹಂಪಿಯಲ್ಲಿ ಎರಡನೆಯ ದೇವರಾಯನ ಅಧಿಕಾರಿ ಅಹ್ಮದ್ ಖಾನನು 1439ರಲ್ಲಿ ಕಟ್ಟಿಸಿದ ಮಸೀದಿಯಿದೆ. ಅದರ ಕನ್ನಡ ಶಾಸನ ಅದನ್ನು ಧರ್ಮಸಾಲೆ ಎಂದು ಕರೆಯುತ್ತದೆ. ಚರಿತ್ರೆ ನಮ್ಮ ಭಾಷಣಗಳಷ್ಟು ಸರಳವಾಗಿಲ್ಲ.

ಇಲ್ಲೊಂದು ಅಪಾಯವಿದೆ. ದಯವಿಟ್ಟು ಗಮನಿಸಿರಿ. “ನಾವು ಆಳಿದೆವು” ಎಂಬ ವಾಕ್ಯಕ್ಕೆ ಸಹಿ ಹಾಕಿದವನು “ನೀವು ಒಡೆದಿರಿ” ಎಂಬ ವಾಕ್ಯಕ್ಕೂ ಸಹಿ ಹಾಕಿದಂತೆಯೇ. ಆಸ್ತಿಗೆ ವಾರಸುದಾರನೆಂದು ಹಕ್ಕು ಸಾಧಿಸಿದವನು ಸಾಲಕ್ಕೂ ವಾರಸುದಾರನಾಗಬೇಕಾಗುತ್ತದೆ. ಈ ಮಾತಿನ ಬೆಲೆಯನ್ನು ಅಂದು ನಮ್ಮ ತರಗತಿಯ ಒಬ್ಬ ಹುಡುಗ ತೆತ್ತನು.

ನಾನು ತಪ್ಪಿಸಿಕೊಂಡ ಪ್ರಶ್ನೆ

ಕೊನೆಯ ಆಕ್ಷೇಪ ಒಬ್ಬ ತಾಯಿಯದು. “ಅಲ್ಲಿ ಯಾರಾದರೂ ಮಕ್ಕಳಿಗೆ ಏನಾದರೂ ಅಂದರೆ?” ಎಂದಷ್ಟೇ ಅವರು ಕೇಳಿದ್ದರು. ಉಳಿದ ಆಕ್ಷೇಪಗಳಿಗೆ ನನ್ನಲ್ಲಿ ಉತ್ತರವಿತ್ತು. ಇದಕ್ಕೆ “ಹಾಗೇನೂ ಆಗುವುದಿಲ್ಲ” ಎಂದುಬಿಟ್ಟೆ. ಆದರೆ ಹಾಗೆಯೇ ಆಯಿತು.

ಸಂಗ್ರಹಾಲಯದ ಅಂಗಳದಲ್ಲಿ ತೋಪುಗಳ ಬಳಿ ನಿಂತು ಆ ಹುಡುಗ ಯೂಸುಫನಿಂದ ಸಿಕಂದರನವರೆಗೆ ಆದಿಲ್ ಶಾಹಿ ಸುಲ್ತಾನರ ಹೆಸರುಗಳನ್ನು ಕ್ರಮವಾಗಿ ಹೇಳಿ ಗೆಳೆಯರ ಚಪ್ಪಾಳೆ ಗಿಟ್ಟಿಸಿದ್ದನು. ಹತ್ತು ನಿಮಿಷಗಳ ಬಳಿಕ ಒಳಗೆ, ಮುಖ ಒಡೆದುಹೋದ ಒಂದು ಶಿಲ್ಪದ ಮುಂದೆ ನಾವು ನಿಂತಿದ್ದೆವು. ಕುಟುಂಬದೊಂದಿಗೆ ಬಂದಿದ್ದ ಒಬ್ಬ ಸಂದರ್ಶಕರು ನಮ್ಮ ಮಕ್ಕಳ ಟೋಪಿಗಳನ್ನೂ ಶಿರವಸ್ತ್ರಗಳನ್ನೂ ನೋಡಿದರು. ಕೂಗಲಿಲ್ಲ, ಬೈಯಲಿಲ್ಲ. ಸಾವಧಾನವಾಗಿಯೇ, “ಚಂದ ಮಾಡಿ ನೋಡ್ರಿ, ನಿಮ್ಮವರು ಮಾಡಿದ್ದು” ಎಂದರು. ಆ ಹುಡುಗ ಶಿಲ್ಪವನ್ನು ನೋಡಿದ. ಅವರನ್ನು ನೋಡಿದ. ಬಳಿಕ ನನ್ನತ್ತ ನೋಡಿದ.

ನಾನೇನು ಮಾಡಿದೆ? “ನಡೆಯಿರಿ, ನಡೆಯಿರಿ, ಹೊತ್ತಾಯಿತು” ಎಂದೆ. ಇಪ್ಪತ್ತು ವರ್ಷಗಳಿಂದ ಪಾಠ ಹೇಳುವವನು, ಮಕ್ಕಳಿಗೆ ಚರಿತ್ರೆ ತೋರಿಸಬೇಕೆಂದು ಮನೆಮನೆಗೆ ತಿರುಗಿದವನು, ಚರಿತ್ರೆ ಎದುರಿಗೆ ಬಂದು ನಿಂತಾಗ ಮಕ್ಕಳನ್ನು ದಬ್ಬಿಕೊಂಡು ಮೇಲ್ಮಹಡಿಗೆ ಓಡಿದೆ. ಸಹಿ ಹಾಕದ ತಾಯಿಯ ಭಯ ನನ್ನೊಳಗೂ ಇತ್ತು. ಅವರು ಅದನ್ನು ಒಪ್ಪಿಕೊಂಡಿದ್ದರು, ನಾನು ಒಪ್ಪಿಕೊಂಡಿರಲಿಲ್ಲ. ಅಷ್ಟೇ ವ್ಯತ್ಯಾಸ. ಜಾಮಿಯಾ ಮಸೀದಿಯಲ್ಲಿ ಝುಹ್ರ್ ನಮಾಝ್ ಮುಗಿಸಿ ಹೊರಡುವಾಗ ಆ ಹುಡುಗ ನನ್ನ ಪಕ್ಕಕ್ಕೆ ಬಂದು ಕೇಳಿದ. “ಸರ್, ಅವರು ಹೇಳಿದ್ದು ನಿಜವೇ?”

ಅಲ್ಲಿಂದ ನಾನು ಮಕ್ಕಳನ್ನು ಕಾರ್ಯಕ್ರಮದಲ್ಲಿ ಇರದಿದ್ದ ಒಂದು ಸ್ಥಳಕ್ಕೆ ಕರೆದೊಯ್ದೆ. ಅರಕಿಲ್ಲೆಯ ಕರೀಮುದ್ದೀನ್ ಮಸೀದಿ. ಆದಿಲ್ ಶಾಹಿಗಳಿಗಿಂತ ಬಹಳ ಹಿಂದೆ, 1320ರಲ್ಲಿ, ಮಲಿಕ್ ಕರೀಮುದ್ದೀನ್ ಕಟ್ಟಿಸಿದ್ದು. ಅದರ ಮುಖಮಂಟಪವನ್ನು ಕಂಡ ಯಾರಿಗಾದರೂ ಅದು ದೇಗುಲದ ಮಂಟಪವೆಂದು ತೋರುತ್ತದೆ. ಅಲ್ಲಿಯ ಕಂಬಗಳು ಹಿಂದಿನ ದೇವಾಲಯಗಳವು. ಅವುಗಳ ಮುಂದೆ ಮಕ್ಕಳನ್ನು ಕೂರಿಸಿ ನಾನು ಹೇಳಿದ್ದನ್ನು ಇಲ್ಲಿ ಸಂಗ್ರಹವಾಗಿ ಬರೆಯುತ್ತೇನೆ. ಪ್ರತಿ ಮನೆಯಲ್ಲೂ ಇದನ್ನು ಯಾರಾದರೂ ಮಕ್ಕಳಿಗೆ ಹೇಳಬೇಕಾಗಿದೆ.

ಹೌದು ಮಗೂ, ಮುಸ್ಲಿಮ್ ಅರಸರು ದೇವಾಲಯಗಳನ್ನು ಕೆಡವಿದ್ದುಂಟು. ಈ ಕಂಬಗಳು ತಾವಾಗಿ ನಡೆದು ಇಲ್ಲಿಗೆ ಬರಲಿಲ್ಲ. ಇದನ್ನು ಮುಚ್ಚಿಡುವವನು ಸುಳ್ಳುಗಾರ. ಸಾಕ್ಷ್ಯವು ನಮ್ಮ ವಿರುದ್ಧವೇ, ನಮ್ಮ ತಂದೆತಾಯಿಗಳ ವಿರುದ್ಧವೇ ಇದ್ದರೂ ನ್ಯಾಯದ ಪಕ್ಷದಲ್ಲಿ ನಿಲ್ಲಬೇಕೆಂದು ಸೂರಾ ನಿಸಾ ನಮಗೆ ಕಲಿಸಿದೆ. ಸುಲ್ತಾನರು ನಮ್ಮ ತಂದೆಯರೂ ಅಲ್ಲ. ಕಸಿದುಕೊಂಡ ನೆಲದಲ್ಲಿ ನಮಾಝ್ ಮಾಡುವುದು ಪಾಪವೆಂದು ನಾನು ಓದಿದ ಫಿಕ್ಹ್ ಗ್ರಂಥಗಳು ಹೇಳುತ್ತವೆ. ಅನ್ಯಾಯಕ್ಕೆ ಗುರಿಯಾಗಬಾರದ ಆರಾಧನಾಲಯಗಳ ಸಾಲಿನಲ್ಲಿ ಸೂರಾ ಹಜ್ಜ್ ಮಸೀದಿಗಳ ಜೊತೆಗೆ ಸನ್ಯಾಸಿಗಳ ಮಠಗಳನ್ನೂ ಇಗರ್ಜಿಗಳನ್ನೂ ಯಹೂದಿಯರ ಮಂದಿರಗಳನ್ನೂ ಹೆಸರಿಸುತ್ತದೆ. ಜೆರುಸಲೇಮಿನಲ್ಲಿ ಖಲೀಫ ಉಮರ್(ರ) ಅವರು ಇಗರ್ಜಿಯೊಳಗೆ ನಮಾಝ್ ಮಾಡಲು ಒಪ್ಪಲಿಲ್ಲ, ಮುಂದಿನವರು ಅದನ್ನೇ ನೆಪವಾಗಿಸಿ ಅದನ್ನು ವಶಪಡಿಸಿಕೊಂಡಾರೆಂದು ಹೊರಗೆ ಬಂದರು ಎಂಬ ವೃತ್ತಾಂತ ಪ್ರಸಿದ್ಧವಾಗಿದೆ. ನಮ್ಮ ಅಳತೆಗೋಲು ಇದು. ಸುಲ್ತಾನರನ್ನು ಇದರಿಂದ ಅಳೆಯಬೇಕು. ಸುಲ್ತಾನರಿಂದ ದೀನನ್ನು ಅಳೆಯಬಾರದು.

ಹಾಗೆಂದು ಒಡೆದ ಪ್ರತಿಯೊಂದು ಶಿಲ್ಪದ ಮುಂದೆಯೂ ನೀನು ತಲೆ ತಗ್ಗಿಸಬೇಕಾಗಿಲ್ಲ. ಯಾವುದನ್ನು ಯಾರು, ಯಾವಾಗ ಒಡೆದರೆಂದು ಹೇಳಲು ಪುರಾವೆ ಬೇಕು. ಕಾಲ, ಮಳೆ, ನಿಧಿಗಳ್ಳರು, ನಿರ್ಲಕ್ಷ್ಯ ಇವೂ ಒಡೆಯುತ್ತವೆ. ವೈರಿಯ ದೇಗುಲವನ್ನು ಲೂಟಿ ಮಾಡುವುದು ಮುಸ್ಲಿಮ್ ಅರಸರ ರೂಢಿ ಮಾತ್ರವೂ ಆಗಿರಲಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಚೋಳರ ರಾಜಾಧಿರಾಜನು ನಮ್ಮ ಕಲ್ಯಾಣವನ್ನು ಸುಟ್ಟು, ಅಲ್ಲಿಯ ದ್ವಾರಪಾಲಕನ ವಿಗ್ರಹವನ್ನು ವಿಜಯದ ಕುರುಹಾಗಿ ತಮಿಳುನಾಡಿಗೆ ಒಯ್ದ. 1791ರಲ್ಲಿ ಶೃಂಗೇರಿ ಮಠವನ್ನು ಲೂಟಿ ಮಾಡಿದ್ದು ಮರಾಠರ ದಂಡು. ಅದರ ಪುನಃಸ್ಥಾಪನೆಗೆ ನೆರವಾದದ್ದು ಟಿಪ್ಪು ಸುಲ್ತಾನ್. ಆದರೆ ಜಾಗ್ರತೆ! ಇದನ್ನು ವಾದ ಗೆಲ್ಲುವುದಕ್ಕೆ ಬಳಸಬೇಡ. ಇನ್ನೊಬ್ಬನ ಅಂಗಿಯ ಕೊಳೆಯನ್ನು ತೋರಿಸಿದರೆ ನಮ್ಮದು ಶುಭ್ರವಾಗುವುದಿಲ್ಲ. ಅರಸರು ಹೇಗಿದ್ದರೆಂದು ತಿಳಿಯುವುದಕ್ಕೆ ಮಾತ್ರ ಇದು ಬೇಕು.

ಆ ಸಂದರ್ಶಕರಿಗೂ ಒಂದು ಮಾತು ಸಲ್ಲಬೇಕು. ಅಂದು ಹೇಳದ್ದನ್ನು ಇಂದು ಹೇಳುತ್ತೇನೆ. ಸನ್ಮಾನ್ಯರೇ, ಒಡೆದ ಶಿಲ್ಪದ ಮುಂದೆ ನಿಮಗಾದ ನೋವನ್ನು ನಾನು ಗೌರವಿಸುತ್ತೇನೆ. ಆದರೆ ಹದಿನಾಲ್ಕು ವರ್ಷದ, ಸಮವಸ್ತ್ರದ ಮಗುವಿನಿಂದ ನೀವು ಯಾವ ಶತಮಾನದ ಲೆಕ್ಕ ಕೇಳುತ್ತಿದ್ದೀರಿ? ಒಬ್ಬನ ಭಾರವನ್ನು ಇನ್ನೊಬ್ಬನು ಹೊರುವುದಿಲ್ಲವೆಂಬುದು ನಮ್ಮ ಗ್ರಂಥದ ನ್ಯಾಯ. ಈ ದೇಶದ ಕಾನೂನಿನ ನ್ಯಾಯವೂ ಅದೇ. ಆ ಶಿಲ್ಪ ನಿಮ್ಮದಾಗಿರುವಷ್ಟೇ ಆ ಮಗುವಿನದ್ದೂ ಹೌದು. ಅವನ ನಾಡಿನ ಕಲ್ಲಿನಲ್ಲಿ ಅವನ ನಾಡಿನ ಶಿಲ್ಪಿ ಕೆತ್ತಿದ್ದು. ನೀವು ಅವನ ಭುಜದ ಮೇಲೆ ಕೈಯಿಟ್ಟು ಅದನ್ನು ತೋರಿಸಿದ್ದರೆ ಅವನು ಅದನ್ನು ಪ್ರೀತಿಯಿಂದಲೇ ನೋಡುತ್ತಿದ್ದ.

ಸನದು ಎಲ್ಲಿದೆ?

ಕರೀಮುದ್ದೀನ್ ಮಸೀದಿಯಲ್ಲಿ ಇನ್ನೊಂದು ಸಂಗತಿಯಿದೆ. ಅದನ್ನು ಕಟ್ಟಿದ ಕುಶಲಕರ್ಮಿ ಯಾರೆಂದು ಅಲ್ಲಿಯ ಶಾಸನವೇ ಹೇಳುತ್ತದೆ. ಆತ ಸಾಲೋಟಗಿಯ ಬಡಗಿ ರೇವಯ್ಯ. ಸಾಲೋಟಗಿ ಇದೇ ಜಿಲ್ಲೆಯ ಊರು. ರಾಷ್ಟ್ರಕೂಟರ ಕಾಲದ 945ರ ಶಾಸನವೊಂದು ಅಲ್ಲಿ ದೂರದೂರದಿಂದ ಬಂದ ವಿದ್ಯಾರ್ಥಿಗಳು ಉಳಿದು ಓದುತ್ತಿದ್ದ ವಿದ್ಯಾಶಾಲೆಯಿತ್ತೆಂದು ತಿಳಿಸುತ್ತದೆ. ಮಸೀದಿಯ ಗೋಡೆಯ ಮೇಲೆ ಉಳಿದ ಈ ಹೆಸರನ್ನು ನಾನು ಯಾವ ಖುತ್ಬಾದಲ್ಲೂ ಕೇಳಿಲ್ಲ. ಅರಸರ ಹೆಸರುಗಳನ್ನು ಕಂಠಪಾಠ ಮಾಡುವ ನಮ್ಮ ಮಕ್ಕಳಿಗೆ ರೇವಯ್ಯನ ಹೆಸರು ತಿಳಿದಿರಲಿಲ್ಲ. ನನಗೂ ಅದು ತಿಳಿದದ್ದು ಪ್ರವಾಸಕ್ಕಾಗಿ ಓದಿಕೊಂಡಾಗಲೇ.

ಸಂಗ್ರಹಾಲಯದಲ್ಲಿ ಹಳೆಯ ಸನದುಗಳಿವೆ, ಅಂದರೆ ಅರಸರು ಕೊಟ್ಟ ಅಧಿಕಾರ ಪತ್ರಗಳು. ಈ ಕನ್ನಡದ ಪದ ಅರಬಿಯ “ಸನದ್” ಪದದಿಂದಲೇ ಬಂದದ್ದು. ಹದೀಸ್ ಶಾಸ್ತ್ರದಲ್ಲಿ ಸನದ್ ಎಂದರೆ ವರದಿಗಾರರ ಸರಪಳಿ. ಒಂದು ವಚನವನ್ನು ಯಾರು ಯಾರಿಂದ ಕೇಳಿದರು, ಅವರು ಪ್ರಾಮಾಣಿಕರೇ, ಅವರ ಸ್ಮರಣಶಕ್ತಿ ಹೇಗಿತ್ತು, ಇಬ್ಬರೂ ಭೇಟಿಯಾಗಿದ್ದರೇ ಎಂದೆಲ್ಲ ಶೋಧಿಸಿದ ಸಮುದಾಯ ನಮ್ಮದು. ಇಬ್ನ್ ಖಲ್ದೂನ್ 1377ರಲ್ಲಿ ತನ್ನ ಮುಖದ್ದಿಮಾವನ್ನು ಬರೆಯುವಾಗ, ಸೇನೆಗಳ ಸಂಖ್ಯೆಯನ್ನು ಲಕ್ಷಗಟ್ಟಲೆ ಉಬ್ಬಿಸಿ ಹೇಳುವ ಇತಿಹಾಸಕಾರರನ್ನು ಮೊದಲ ಪುಟಗಳಲ್ಲಿಯೇ ತರಾಟೆಗೆ ತೆಗೆದುಕೊಂಡ. ಆ ಪರಂಪರೆಯ ವಾರಸುದಾರರು ಇಂದು ಏನು ಮಾಡುತ್ತಿದ್ದೇವೆ? ವಾಟ್ಸಾಪಿನಲ್ಲಿ ಬಂದದ್ದನ್ನು ಸುಬ್‌ಹಾನಲ್ಲಾಹ್ ಎಂದು ಹತ್ತು ಗುಂಪುಗಳಿಗೆ ದಾಟಿಸುತ್ತೇವೆ. ನಮ್ಮ ವಿರುದ್ಧದ ಸುಳ್ಳುಗಳಿಗೆ ಮಾತ್ರ ಪುರಾವೆ ಕೇಳುತ್ತೇವೆ. ನಮ್ಮನ್ನು ಹೊಗಳುವ ಸುಳ್ಳುಗಳಿಗೆ ಸನದು ಬೇಡವೇ?

ಎರಡನೆಯ ಇಬ್ರಾಹೀಮ್ ಆದಿಲ್ ಶಾಹನ ಉದಾಹರಣೆ ತೆಗೆದುಕೊಳ್ಳಿ. ಅವನು 1580ರಿಂದ 1627ರವರೆಗೆ ಆಳಿದ. ದಖ್ಖನಿಯಲ್ಲಿ ಕಿತಾಬ್-ಎ-ನೌರಸ್ ಬರೆದ. ಅದರ ಆರಂಭದಲ್ಲಿ ಸರಸ್ವತಿಯ ಸ್ತುತಿಯಿದೆ, ಪ್ರವಾದಿ(ಸ)ಯವರ ಹಾಗೂ ಖ್ವಾಜಾ ಗೇಸುದರಾಜರ ಪ್ರಶಂಸೆಯೂ ಇದೆ. ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟಿದ್ದ. ನಮ್ಮಲ್ಲಿ ಕೆಲವರು ಇದನ್ನು ಮಕ್ಕಳಿಂದ ಮರೆಮಾಚುತ್ತಾರೆ. ಇನ್ನು ಕೆಲವರು ವೇದಿಕೆಗಳಲ್ಲಿ ಇದನ್ನೇ ನಮ್ಮ ಸೌಹಾರ್ದದ ಪ್ರಮಾಣಪತ್ರದಂತೆ ಬೀಸುತ್ತಾರೆ. ಎರಡೂ ಅಪ್ರಾಮಾಣಿಕ. ಅಲ್ಲಾಹನ ಹೊರತು ಬೇರಾರನ್ನೂ ಸ್ತುತಿಸಿ ಪ್ರಾರ್ಥಿಸುವುದನ್ನು ನಾನು ಒಪ್ಪಲಾರೆ. ಆದರೆ ಅವನು ಹಾಗೆ ಬರೆದನೆಂಬುದು ಸತ್ಯ. ಅವನ ಅಖೀದಾದ ವಿಚಾರಣೆ ಅಲ್ಲಾಹನಿಗೆ ಬಿಟ್ಟದ್ದು. ನನ್ನ ಕೆಲಸ ಸತ್ಯವನ್ನು ಸತ್ಯವೆಂದು ಮಕ್ಕಳ ಮುಂದಿಡುವುದು.

ಅಂದು ಕನ್ನಡ ಶಾಸನಗಳ ಮುಂದೆ ಒಬ್ಬ ಹುಡುಗಿ ಬಹಳ ಹೊತ್ತು ನಿಂತಳು. ಅವಳ ತಂದೆಯ ಸಹಿಗಾಗಿ ನಾನು ಮೂರು ಬಾರಿ ಅವರ ಮನೆಗೆ ಹೋಗಬೇಕಾಗಿತ್ತು. ಹಳಗನ್ನಡದ ಲಿಪಿಯಲ್ಲಿ ಬೆರಳಾಡಿಸುವಂತೆ ದೂರದಿಂದಲೇ ಗಾಳಿಯಲ್ಲಿ ಗೀಚುತ್ತಾ, “ಸರ್, ಇದು ಗ, ಇದು ನ” ಎಂದು ಗುರುತಿಸಿದಳು. ಆರು ಅಕ್ಷರಗಳಲ್ಲಿ ನಾಲ್ಕು ಸರಿಯಾಗಿದ್ದವು. ಕನ್ನಡದಲ್ಲಿ ಬಿ.ಎ. ಮಾಡಿದ ನನಗೆ ಆ ಕ್ಷಣ ಕೊಟ್ಟ ಸಂತೋಷವನ್ನು ಬರೆದು ತಿಳಿಸಲಾರೆ. ಆ ಮನೆಯ ಬಾಗಿಲನ್ನು ನಾನು ಎರಡನೆಯ ಬಾರಿಗೇ ಬಿಟ್ಟುಬಂದಿದ್ದರೆ ಏನಾಗುತ್ತಿತ್ತು? ಹಿಂದೆ ಉಳಿದ ಏಳು ಹೆಣ್ಣುಮಕ್ಕಳಲ್ಲಿ ಇಂಥವರು ಎಷ್ಟು ಜನರಿದ್ದರೋ!

ಗುಮ್ಮಟ ಮತ್ತು ಕೆರೆ

ನಾವು ಗೋಳಗುಮ್ಮಟಕ್ಕೆ ಹೋದದ್ದು ಕೊನೆಯಲ್ಲಿ. ಸುಮಾರು 44 ಮೀಟರ್ ಹೊರವ್ಯಾಸದ ಆ ಗುಮ್ಮಟದ ಕೆಳಗೆ ಮುಹಮ್ಮದ್ ಆದಿಲ್ ಶಾಹನು 1656ರಿಂದ ಮಣ್ಣಿನಲ್ಲಿದ್ದಾನೆ. ಮೇಲೆ ಕಾಣುವುದು ಗೋರಿಯ ಪ್ರತಿಕೃತಿ ಮಾತ್ರ. ನಿಜವಾದ ಗೋರಿ ಕೆಳಗಿನ ನೆಲಮಾಳಿಗೆಯಲ್ಲಿದೆ. ಬಡ ನೇಕಾರನಿಗೆ ಸಿಗುವ ಮಣ್ಣೇ ಅವನಿಗೂ ಸಿಕ್ಕಿತು. ಇದೇ ಅರಸನು 1651ರಲ್ಲಿ ಬೇಗಂ ತಲಾಬನ್ನು ಕಟ್ಟಿಸಿ, ನೆಲದೊಳಗಿನ ಮಣ್ಣಿನ ಕೊಳವೆಗಳ ಮೂಲಕ ನಗರಕ್ಕೆ ನೀರು ಹರಿಸಿದ. ನಾನು ಮಕ್ಕಳನ್ನು ಕೇಳಿದೆ: “ಗುಮ್ಮಟ ಮತ್ತು ಕೆರೆ, ಇವೆರಡರಲ್ಲಿ ಅವನ ಕರ್ಮಪತ್ರದಲ್ಲಿ ಯಾವುದು ಹೆಚ್ಚು ತೂಗೀತು?” ಎಲ್ಲರೂ ಒಂದೇ ಧ್ವನಿಯಲ್ಲಿ ಕೆರೆ ಎಂದರು. ಸದಖ ಜಾರಿಯಾದ ಪಾಠವನ್ನು ನಾನು ತರಗತಿಯಲ್ಲಿ ಹತ್ತು ಸಲ ಹೇಳಿದ್ದೇನೆ. ಅಂದು ಅದನ್ನು ಹೇಳಬೇಕಾಗಿಯೇ ಬರಲಿಲ್ಲ.

ಇಬ್ರತ್ ಎಂದರೆ ಇದೇ. ಗತಕಾಲದಿಂದ ಪಾಠ ತೆಗೆಯುವುದು. ಇದಕ್ಕೆ ಹೆಮ್ಮೆ ಬೇಕಾಗಿಲ್ಲ, ನಾಚಿಕೆಯೂ ಬೇಕಾಗಿಲ್ಲ. ತೆರೆದ ಕಣ್ಣು ಮತ್ತು ನ್ಯಾಯದ ಮನಸ್ಸು ಬೇಕು.

ಸಮುದಾಯದ ಹಿರಿಯರಲ್ಲಿ, ಮಸೀದಿ ಸಮಿತಿಗಳ ಪದಾಧಿಕಾರಿಗಳಲ್ಲಿ ನನ್ನ ಬೇಡಿಕೆಗಳು ಹೆಚ್ಚೇನಿಲ್ಲ. ನಿಮ್ಮ ಊರಿನ ಹಳೆಯ ಮಸೀದಿಯ ಗೋಡೆಯಲ್ಲಿ ಕಲ್ಲುಬರಹವೇನಾದರೂ ಇದ್ದರೆ ನವೀಕರಣದ ಹೆಸರಿನಲ್ಲಿ ಅದರ ಮೇಲೆ ಎಣ್ಣೆಬಣ್ಣ ಬಳಿಯಬೇಡಿ, ಟೈಲ್ಸ್ ಅಂಟಿಸಬೇಡಿ. ವಿಜಯಪುರದ ಆಸಾರ್ ಮಹಲಿನ ಅಮೂಲ್ಯ ಅರಬಿ ಹಸ್ತಪ್ರತಿಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್ನಿಗೆ ಒಯ್ದರೆಂದು ದುಃಖಿಸುವ ನಾವು, ನಮ್ಮ ಕೈಯಲ್ಲಿ ಉಳಿದದ್ದನ್ನು ನಾವೇ ಅಳಿಸುತ್ತಿದ್ದೇವೆ. ಮದ್ರಸಾದ ವಿದ್ಯಾರ್ಥಿಗಳನ್ನೂ ವರ್ಷಕ್ಕೊಮ್ಮೆ ಇಂಥ ಸ್ಥಳಗಳಿಗೆ ಕರೆದೊಯ್ಯಿರಿ. ಶಾಲಾ ಪ್ರವಾಸದ ಚೀಟಿ ಬಂದಾಗ ಸಹಿ ಹಾಕಿರಿ. ಸಾಧ್ಯವಾದರೆ ತಾಯಂದಿರು ಜೊತೆಗೆ ಬನ್ನಿರಿ. ಮಗು ಮನೆಗೆ ಮರಳಿದ ಮೇಲೆ “ಏನು ತಿಂದೆ” ಎಂಬುದರೊಂದಿಗೆ “ಏನು ನೋಡಿದೆ” ಎಂದೂ ಕೇಳಿರಿ. ನಮ್ಮಂಥ ಶಿಕ್ಷಕರಿಗೆ ಹೇಳುವುದಿಷ್ಟೇ: ಕಷ್ಟದ ಪ್ರಶ್ನೆ ಎದುರಾದಾಗ ಹೊತ್ತಾಯಿತೆನ್ನಬೇಡಿ. ಮನೆಯಲ್ಲಿ ಉತ್ತರ ಸಿಗದ ಮಗು ಬೀದಿಯಲ್ಲಿ ಉತ್ತರ ಹುಡುಕುತ್ತದೆ. ಅಲ್ಲಿ ಸಿಗುವುದು ಅವಮಾನ, ಇಲ್ಲವೇ ರೋಷ.

ಮರಳುವ ದಾರಿಯಲ್ಲಿ ಬಸ್ಸು ಕತ್ತಲಲ್ಲಿ ಸಾಗುತ್ತಿತ್ತು. ಬಹುಪಾಲು ಮಕ್ಕಳು ನಿದ್ದೆಹೋಗಿದ್ದರು. ಆ ಹುಡುಗ ಮುಂದಿನ ಆಸನಕ್ಕೆ ಬಂದು ನನ್ನ ಪಕ್ಕದಲ್ಲಿ ಕುಳಿತ. ಅವನು ಸುಲ್ತಾನರ ಬಗ್ಗೆ ಕೇಳಲಿಲ್ಲ. “ಸರ್, ಆ ರೇವಯ್ಯನಿಗೆ ಕೂಲಿ ಸರಿಯಾಗಿ ಕೊಟ್ಟಿರಬಹುದೇ?” ಎಂದು ಕೇಳಿದ. ಕೂಲಿಯವನ ಬೆವರು ಆರುವ ಮುನ್ನ ಅವನ ಕೂಲಿ ಸಲ್ಲಿಸಬೇಕೆಂಬ ಪ್ರವಾದಿ(ಸ)ಯವರ ಬೋಧನೆಯನ್ನು ನಾನು ಆ ತರಗತಿಗೆ ಜೂನ್ ತಿಂಗಳಿನಲ್ಲಿ ಕಲಿಸಿದ್ದೆ. ಅರಸನನ್ನು ಆ ಬೋಧನೆಯ ಮುಂದೆ ನಿಲ್ಲಿಸಿ ವಿಚಾರಿಸಲು ಒಬ್ಬ ಹುಡುಗ ಅಂದು ಕಲಿತಿದ್ದ.

ಮುಂದಿನ ಡಿಸೆಂಬರಿನಲ್ಲಿ ಮತ್ತೆ ಚೀಟಿಗಳು ಮನೆಗಳಿಗೆ ಬರಲಿವೆ. ನಮ್ಮ ಮಕ್ಕಳನ್ನು ಸತ್ಯಕ್ಕೆ ಅಂಜದವರನ್ನಾಗಿ, ನ್ಯಾಯಕ್ಕೆ ಸಾಕ್ಷಿಗಳನ್ನಾಗಿ ಬೆಳೆಸುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.